ಜಿನೀವಾ ಸರೋವರದ ದಡದಲ್ಲಿ ಶಾಸ್ಲಾ ಮತ್ತು ಊಟ

ಬುಧವಾರ, ಲೊಸಾನ್

ಸ್ವಿಟ್ಜರ್ಲೆಂಡ್ ಅಂದ ಕೂಡಲೇ ನಮಗೆ ನೆನಪಾಗುವುದು ಹಿಮ, ಚಾಕೊಲೇಟ್, ಗಡಿಯಾರ. ವೈನ್ ನೆನಪಾಗುವುದಿಲ್ಲ. ಅದಕ್ಕೆ ಕಾರಣ ಇದೆ. ಇಲ್ಲಿಯವರು ಮಾಡಿದ ವೈನನ್ನು ಇಲ್ಲಿಯವರೇ ಕುಡಿದು ಮುಗಿಸುತ್ತಾರೆ. ಹೊರದೇಶಕ್ಕೆ ಹೋಗುವುದು ನೂರಕ್ಕೆ ಒಂದೋ ಎರಡೋ ಪಾಲು. ಹಾಗಾಗಿ ಶಾಸ್ಲಾ ಎಂಬ ಇಲ್ಲಿಯ ಬಿಳಿ ದ್ರಾಕ್ಷಿಯ ವೈನ್ ರುಚಿ ನೋಡಬೇಕು ಅಂದ್ರೆ ಇಲ್ಲಿಗೇ ಬರಬೇಕು.

ನನಗೆ ಬರೋದಕ್ಕೆ ಇನ್ನೊಂದು ನೆಪವೂ ಇತ್ತು. ಚಿಕ್ಕಮ್ಮನ ಮಗಳು ಲೊಸಾನ್ ಪಕ್ಕದಲ್ಲೇ ಇದ್ದಾಳೆ. ಅಕ್ಕ ಅಪ್ಪಟ ಸಸ್ಯಾಹಾರಿ. ವೈನ್ ಅಂದ್ರೆ ಒಂದು ಗುಟುಕು, ಅದೂ ಯಾರಾದರೂ ಒತ್ತಾಯ ಮಾಡಿದರೆ. ಭಾವ ಉಡುಪಿ ಕಡೆಯವರು, ಮೀನಿಲ್ಲದಿದ್ದರೆ ಊಟ ಸೇರುವುದಿಲ್ಲ. ನಾನು ಎರಡೂ ಕಡೆ ಸಲ್ಲುವವಳು. ಯಾವ ಊಟಕ್ಕೆ ಯಾವ ವೈನ್ ಅಂತ ನೋಡೋದಕ್ಕೆ ಇದಕ್ಕಿಂತ ಒಳ್ಳೆಯ ತಂಡ ಸಿಗಲ್ಲ.

ಸೆಪ್ಟೆಂಬರ್ ಕೊನೆಯ ವಾರ. ಲೊಸಾನ್‌ನಲ್ಲಿ ಬುಧವಾರ ಮತ್ತು ಶನಿವಾರ ಬೆಳಗ್ಗೆ ಊರಿನ ಮಧ್ಯದ ಬೀದಿಗಳಲ್ಲೇ ಸಂತೆ. ಒಂದು ಕಟ್ಟೆಯ ಮೇಲೆ ಸಣ್ಣ ಕಾಳಿನ, ಹಳದಿಗೆ ತಿರುಗಿದ ದ್ರಾಕ್ಷಿ ಗೊಂಚಲು ಇಟ್ಟಿದ್ದರು. "ಇದೇ ನಿನ್ನ ಶಾಸ್ಲಾ" ಅಂದರು ಭಾವ. ಈ ತಳಿಯನ್ನು ಹಣ್ಣಾಗಿಯೂ ತಿನ್ನುತ್ತಾರೆ. ಬಾಯಿಗೆ ಹಾಕಿಕೊಂಡೆ. ತೆಳು ಸಿಪ್ಪೆ, ತುಂಬಾ ರಸ, ಬೀಜ ಇದೆ. ಸಿಹಿ ಇದೆ, ಹುಳಿ ಕಡಿಮೆ, ಪರಿಮಳ ಇನ್ನೂ ಕಡಿಮೆ. ಇದರಿಂದ ವೈನ್ ಮಾಡಿದರೆ ಏನು ಸಿಗುತ್ತೆ ಅನ್ನೋ ಅನುಮಾನ ಬರುವಷ್ಟು ಸೌಮ್ಯ.

ಆದರೆ ಈ ಕಡೆಯವರ ಕುಡಿತವೆಲ್ಲ ಇದರ ಮೇಲೇ ನಿಂತಿದೆ. ಲೊಸಾನ್ ಇರುವ ವೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಸ್ಲಾನೇ. ತಳಿಯ ಹುಟ್ಟೂರು ಕೂಡ ಈ ಸರೋವರದ ಸುತ್ತಮುತ್ತಲೇ ಇರಬೇಕು ಅಂತ ಡಿಎನ್‌ಎ ಪರೀಕ್ಷೆ ಮಾಡಿದ ವಿಜ್ಞಾನಿಗಳ ಅಭಿಪ್ರಾಯ.

ಸಂಜೆ ಹಳೇ ಊರಿನ ಒಂದು ಚಿಕ್ಕ ಹೋಟೆಲಿನಲ್ಲಿ ಕೂತೆವು. ಇಲ್ಲಿ ಬಾಟಲಿಯೇ ತಗೋಬೇಕು ಅಂತಿಲ್ಲ. ಮೆನುವಿನಲ್ಲಿ ಒಂದು ಡೆಸಿಲೀಟರ್, ಎರಡು, ಮೂರು, ಐದು ಅಂತ ಅಳತೆ ಬರೆದಿರುತ್ತಾರೆ. ಒಂದು ಡೆಸಿಲೀಟರ್ ಅಂದ್ರೆ 100 ಮಿಲಿ, ಬೆಲೆ ಐದಾರು ಫ್ರಾಂಕ್. ಭಾವ ಮೂರು ಡೆಸಿ ಹೇಳಿದರು. ಗಾಜಿನ ಹೂಜಿ ಬಂತು, ಕುತ್ತಿಗೆಯ ಮೇಲೆ ಸಣ್ಣ ಗೆರೆ ಕೊರೆದಿದ್ದಾರೆ, ವೈನ್ ಸರಿಯಾಗಿ ಆ ಗೆರೆ ಮುಟ್ಟಿದೆ. ಲೋಟಗಳೂ ಚಿಕ್ಕವು, ನಮ್ಮ ಬೆಂಗಳೂರಿನ ವೈನ್ ಬಾರಿನ ದೊಡ್ಡ ಬುರುಡೆ ಲೋಟಗಳಲ್ಲ.

ಬಣ್ಣ ಅಂದ್ರೆ ಬಣ್ಣವೇ ಇಲ್ಲ, ಅಂಚಿನಲ್ಲಿ ಒಂಚೂರು ಹಸಿರು. ಲೋಟದ ಒಳಗೋಡೆಗೆ ನಾಲ್ಕಾರು ಸಣ್ಣ ಗುಳ್ಳೆ ಅಂಟಿವೆ. ಮೂಸಿದರೆ ಪೇರ್ ಹಣ್ಣು, ಯಾವುದೋ ಬಿಳಿ ಹೂವು, ಅಷ್ಟೇ. ಕುಡಿದರೆ ನಾಲಿಗೆ ತುದಿಗೆ ಸಣ್ಣ ಚುರುಕು, ಆಮೇಲೆ ಮೆತ್ತಗೆ ಹರಡುತ್ತೆ, ಕೊನೆಯಲ್ಲಿ ತುಸು ಕಹಿ. ಸಿಹಿ ಒಂಚೂರೂ ಇಲ್ಲ. ಡ್ರೈ ಅನ್ನೋದು ಇದನ್ನೇ. ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಹೋಗಿರುತ್ತೆ. ಆಲ್ಕೋಹಾಲ್ ನೂರಕ್ಕೆ ಹನ್ನೆರಡರ ಆಸುಪಾಸು.

ಅಕ್ಕ ಒಂದು ಗುಟುಕು ಕುಡಿದು ಇಟ್ಟಳು. "ಇದರಲ್ಲಿ ಏನೂ ಇಲ್ಲ ಕಣೆ" ಅಂದಳು.

"ಊಟ ಬರಲಿ ತಾಳು" ಅಂದರು ಭಾವ.

ಊಟ ಅಂದ್ರೆ ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ ರೋಸ್ಟಿ. ಉಪ್ಪು, ಬೆಣ್ಣೆ, ಗರಿಗರಿ ಅಂಚು. ಒಂದು ತುತ್ತು ತಿಂದು ಮತ್ತೆ ಕುಡಿದಾಗ ವೈನ್ ಬೇರೆಯೇ ಆಗಿತ್ತು. ಪೇರ್ ಹಣ್ಣು ಮುಂದೆ ಬಂತು, ಕಹಿ ಹಿಂದೆ ಸರೀತು, ಬಾಯಿ ಚೊಕ್ಕಟವಾಯಿತು. ನೀರು ಮಜ್ಜಿಗೆಯನ್ನು ಯಾರೂ ಲೋಟ ಎತ್ತಿ ಹೊಗಳುವುದಿಲ್ಲ, ಆದರೆ ಅದಿಲ್ಲದೆ ಊಟ ಕೆಳಗಿಳಿಯಲ್ಲ ಅಲ್ವಾ? ಶಾಸ್ಲಾ ಅದೇ ಕುಲದ್ದು. ಇದನ್ನು ಬರೀ ಕುಡಿದು ತೀರ್ಪು ಕೊಡುವವರ ಮಾತನ್ನು ನಾನು ಇನ್ನು ಮೇಲೆ ನಂಬುವುದಿಲ್ಲ.

ರಾತ್ರಿ ಹತ್ತಕ್ಕೆ ಕ್ಯಾಥೆಡ್ರಲ್ ಗೋಪುರದ ಮೇಲಿಂದ ಕಾವಲುಗಾರ ನಾಲ್ಕೂ ದಿಕ್ಕಿಗೆ ತಿರುಗಿ ಗಂಟೆ ಎಷ್ಟೆಂದು ಕೂಗಿ ಹೇಳಿದ. 1405ರಿಂದ ನಡೆದು ಬಂದ ಪದ್ಧತಿ. ಊರಿಗೆ ಬೆಂಕಿ ಬಿದ್ದೀತೆಂದು ಕಾವಲು ಕಾಯುವ ಅಗತ್ಯ ಈಗ ಇಲ್ಲ, ಆದರೂ ರಾತ್ರಿ ಎರಡರವರೆಗೆ ಕೂಗುತ್ತಾರೆ.

ಗುರುವಾರ, ಲಾವೋ ಇಳಿಜಾರು

ಬೆಳಗ್ಗೆ ಲೋಕಲ್ ರೈಲಿನಲ್ಲಿ ಸಾಂ ಸಫೊರಾಂಗೆ ಹೋದೆವು. ಅಲ್ಲಿಂದ ಹಳದಿ ಬಾಣದ ಗುರುತು ಹಿಡಿದು ರಿವಾ, ಡೆಜಲೆ, ಎಪೆಸ್ ದಾಟಿ ಕ್ಯುಯಿವರೆಗೆ ನಡಿಗೆ. ಕಾರು ಬೇಡ ಅಂತ ಮೊದಲೇ ಮಾತಾಗಿತ್ತು. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5. ರುಚಿ ನೋಡ್ತಾ ನೋಡ್ತಾ ಅದನ್ನು ದಾಟುವುದು ಸುಲಭ.

ಲೊಸಾನ್‌ನಿಂದ ವೆವೇ ಕಡೆಗೆ ಸರೋವರದ ಉತ್ತರ ದಂಡೆಯ ಇಳಿಜಾರಿಗೆ ಲಾವೋ ಅಂತ ಹೆಸರು. ಸುಮಾರು 800 ಹೆಕ್ಟೇರ್ ದ್ರಾಕ್ಷಿ. ಒಂದರ ಮೇಲೊಂದು ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ನೆಟ್ಟಿದ್ದಾರೆ. ಗೋಡೆಗಳನ್ನೆಲ್ಲ ಸಾಲಾಗಿ ಜೋಡಿಸಿದರೆ 400 ಕಿಲೋಮೀಟರಿಗೂ ಜಾಸ್ತಿ. ಬೆಂಗಳೂರಿನಿಂದ ಹೊರಟರೆ ಹುಬ್ಬಳ್ಳಿ ಬಂದೇ ಬಿಡುತ್ತೆ. 12ನೇ ಶತಮಾನದಲ್ಲಿ ಇಲ್ಲಿಯ ಕಾಡು ಕಡಿದು ತೋಟ ಮಾಡಲು ಶುರು ಮಾಡಿದವರು ಸಿಸ್ಟರ್ಸಿಯನ್ ಮಠದ ಸನ್ಯಾಸಿಗಳು. 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಯುನೆಸ್ಕೋ ಬರುವ ಮೊದಲೇ ಇದನ್ನು ಉಳಿಸಿದವರು ಇಲ್ಲಿಯ ಮತದಾರರು. ಸರೋವರ ಕಾಣುವ ಜಾಗ ಅಂದ ಮೇಲೆ ಮನೆ ಕಟ್ಟುವವರ ಕಣ್ಣು ಬೀಳದೆ ಇರುತ್ತಾ? ಫ್ರಾಂಜ್ ವೆಬರ್ ಎಂಬ ಪರಿಸರ ಹೋರಾಟಗಾರ ಲಾವೋ ಉಳಿಸಿ ಎಂದು ಸಹಿ ಸಂಗ್ರಹಿಸಿ, ವಿಷಯವನ್ನು ಜನಮತಕ್ಕೆ ತಂದರು. 1977ರಲ್ಲಿ ಜನ ಹೌದು ಅಂದರು. ಪ್ರಾಂತ್ಯದ ಸಂವಿಧಾನಕ್ಕೇ ರಕ್ಷಣೆಯ ಮಾತು ಸೇರಿತು. ನಂದಿ ಬೆಟ್ಟದ ಬುಡದ ತೋಟಗಳು ಒಂದೊಂದಾಗಿ ಲೇಔಟ್ ಆಗುವುದನ್ನು ನೋಡಿದವಳಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ದಾರಿ ಕಿರಿದು, ಒಂದು ಕಡೆ ಎದೆಯೆತ್ತರದ ಗೋಡೆ, ಇನ್ನೊಂದು ಕಡೆ ಕೆಳಗೆ ನೀಲಿ ನೀರು. ನೀರಿನಾಚೆ ಫ್ರಾನ್ಸಿನ ಬೆಟ್ಟಗಳು. ಗೋಡೆಯ ಮೇಲೆ ಕೈಯಿಟ್ಟೆ, ಬೆಳಗ್ಗೆ ಹನ್ನೊಂದಕ್ಕೇ ಬೆಚ್ಚಗಿತ್ತು. ಇಲ್ಲಿಗೆ ಮೂರು ಸೂರ್ಯ ಅಂತ ಈ ಕಡೆ ಎಲ್ಲರೂ ಹೇಳುತ್ತಾರೆ. ಮೇಲಿನಿಂದ ಬರುವ ಬಿಸಿಲು ಒಂದು, ನೀರಿನಿಂದ ಹೊಳೆದು ಬರುವುದು ಇನ್ನೊಂದು, ಹಗಲೆಲ್ಲ ಕಾದ ಕಲ್ಲು ರಾತ್ರಿ ಬಿಡುವ ಶಾಖ ಮೂರನೆಯದು. ಪ್ರವಾಸಿ ಕರಪತ್ರದ ಮಾತು ಅಂದುಕೊಂಡಿದ್ದೆ. ಗೋಡೆ ಮುಟ್ಟಿದ ಮೇಲೆ ಆ ಮೂರನೆಯದನ್ನು ಒಪ್ಪಿಕೊಂಡೆ.

ಡೆಜಲೆ ಹತ್ತಿರ ಕೊಯ್ಲು ಶುರುವಾಗಿತ್ತು. ಇಳಿಜಾರು ಎಷ್ಟು ಕಡಿದು ಅಂದ್ರೆ ಟ್ರ್ಯಾಕ್ಟರ್ ಬರುವುದಿಲ್ಲ. ಕತ್ತರಿಯಲ್ಲಿ ಗೊಂಚಲು ಕತ್ತರಿಸಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕುತ್ತಾರೆ. ಒಂಟಿ ಹಳಿಯ ಮೇಲೆ ಓಡುವ ಪುಟ್ಟ ಬಂಡಿಯೊಂದು ಪೆಟ್ಟಿಗೆಗಳನ್ನು ಹೊತ್ತು ಗೋಡೆಗಳ ಮೇಲಿಂದ ಗಡಗಡ ಅಂತ ಏರುತ್ತೆ. ಚಾಲಕ ಹಿಂದಕ್ಕೆ ವಾಲಿ ಕೂತಿದ್ದ. ನೋಡೋದಕ್ಕೇ ನನಗೆ ಕಾಲು ನಡುಗಿತು.

ಈ ತೋಟಗಳಲ್ಲಿ ಒಂದಷ್ಟು ಲೊಸಾನ್ ನಗರ ಸಭೆಯದ್ದೇ. 1536ರಲ್ಲಿ ಬರ್ನ್ ನಗರದವರು ಈ ಪ್ರಾಂತ್ಯ ಗೆದ್ದಾಗ ಮಠಗಳ ಆಸ್ತಿ ಕೈ ಬದಲಾಯಿತು. ಹಳೇ ಮಠದ ತೋಟಗಳು ನಗರದ ಪಾಲಿಗೆ ಬಂದವು. ಪ್ರತಿ ಡಿಸೆಂಬರಿನಲ್ಲಿ ನಗರ ತನ್ನ ವೈನನ್ನು ಹರಾಜು ಹಾಕುತ್ತೆ. ಕಸದ ಟೆಂಡರಿನಲ್ಲೇ ಕಾಲ ಕಳೆಯುವ ನಮ್ಮ ಪಾಲಿಕೆಗಳಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ ಬಿಡಿ.

ಮಧ್ಯಾಹ್ನ ಎಪೆಸ್ ಊರಿನ ಒಂದು ನೆಲಮಾಳಿಗೆಗೆ ಇಳಿದೆವು. ಈ ಹಳ್ಳಿಗಳಲ್ಲಿ ಬೆಳೆಗಾರರೆಲ್ಲ ಸೇರಿ ನಡೆಸುವ ರುಚಿ ನೋಡುವ ಕೋಣೆಗಳಿವೆ. ಸರದಿ ಪ್ರಕಾರ ಒಬ್ಬೊಬ್ಬರು ಬಂದು ಸುರಿದು ಕೊಡುತ್ತಾರೆ. ನಮ್ಮ ಪಾಲಿಗೆ ಬಂದದ್ದು ಅರವತ್ತು ದಾಟಿದ ಒಬ್ಬ ಹೆಂಗಸು, ಬೆರಳ ಸಂದಿಯಲ್ಲೆಲ್ಲ ದ್ರಾಕ್ಷಿಯ ಕಲೆ. ಭಾವ ಫ್ರೆಂಚಿನಲ್ಲಿ ಮಾತಾಡಿಸಿದರು. ಅವರು ಮೂರು ಲೋಟ ಸಾಲಾಗಿಟ್ಟು ಮೂರಕ್ಕೂ ಶಾಸ್ಲಾ ಸುರಿದರು: ಎಪೆಸ್, ಕಲಮಾಂ, ಡೆಜಲೆ. ಒಂದೇ ತಳಿ, ಒಂದೇ ವರ್ಷ, ತೋಟಗಳು ಒಂದಕ್ಕೊಂದು ಕೂಗಳತೆ ದೂರ.

ಎಪೆಸ್ ಹಗುರ, ಬೇಗ ಕುಡಿದು ಮುಗಿಸುವ ಬಗೆ. ಕಲಮಾಂ ಬರೀ 16 ಹೆಕ್ಟೇರಿನ ಜಾಗ, ಹಳೇ ಭೂಕುಸಿತದ ಜೇಡಿಮಣ್ಣು. ವೈನ್ ಬಾಯಲ್ಲಿ ಸ್ವಲ್ಪ ಬಿಗಿ, ಕೊನೆಯ ಕಹಿ ಜಾಸ್ತಿ. ಡೆಜಲೆ ಸುಮಾರು 54 ಹೆಕ್ಟೇರ್, ಉರುಟು ಕಲ್ಲುಗಳು ಗಟ್ಟಿಯಾಗಿ ಬೆಸೆದುಕೊಂಡ ಬಂಡೆಯ ಮೇಲಿನ ತೆಳು ಮಣ್ಣು. ಅದು ಮೂರರಲ್ಲಿ ತುಂಬು ರುಚಿಯ ವೈನ್. ಹುರಿದ ಬಾದಾಮಿ, ತುಸು ಜೇನು, ನುಂಗಿದ ಮೇಲೂ ಸ್ವಲ್ಪ ಹೊತ್ತು ಇರುತ್ತೆ. ಈ ಕೊನೆಯ ಎರಡಕ್ಕೆ ಮಾತ್ರ ವೋ ಪ್ರಾಂತ್ಯದಲ್ಲಿ ಗ್ರಾಂ ಕ್ರು (ಮೇಲ್ದರ್ಜೆಯ ತೋಟ) ಅಂತ ತಮ್ಮದೇ ಪ್ರತ್ಯೇಕ ದರ್ಜೆ.

ತಳಿಗೆ ತನ್ನದೇ ಪರಿಮಳ ಕಡಿಮೆ ಇರುವುದರಿಂದಲೇ ಮಣ್ಣಿನ ವ್ಯತ್ಯಾಸ ಇಷ್ಟು ಸಲೀಸಾಗಿ ಗೊತ್ತಾಗುತ್ತೆ. ಮಸ್ಕಟ್ ತರಹದ ಘಮಘಮ ದ್ರಾಕ್ಷಿಯಾಗಿದ್ದರೆ ಮೂರೂ ಲೋಟದಲ್ಲಿ ಅದರದ್ದೇ ದರ್ಬಾರು.

ಹುಳಿ ಯಾಕೆ ಇಷ್ಟು ಕಡಿಮೆ ಅಂತ ಕೇಳಿದೆ. ಹಣ್ಣಿನಲ್ಲೇ ಕಡಿಮೆ ಇದೆ, ಅದರ ಮೇಲೆ ಇಲ್ಲಿ ಎರಡನೇ ಸಲ ಹುದುಗು ಬರಲು ಬಿಡುತ್ತಾರಂತೆ. ಅದರಲ್ಲಿ ಬ್ಯಾಕ್ಟೀರಿಯಾ ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತೆ. ಚೂಪು ಹುಳಿ ಹೋಗಿ ಮೆತ್ತನೆ ಹುಳಿ ಉಳಿಯುತ್ತೆ. ಆ ನಾಲ್ಕಾರು ಗುಳ್ಳೆ ಹುದುಗಿದಾಗ ಹುಟ್ಟಿದ ಅನಿಲದ್ದೇ. ಅದನ್ನು ಬೇಕಂತಲೇ ಸ್ವಲ್ಪ ಉಳಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ವೈನ್ ಸಪ್ಪೆ ಹೊಡೆಯುತ್ತೆ.

ಜೊತೆಗೆ ಒಂದು ಹಲಗೆಯ ಮೇಲೆ ಲೆತಿವಾ ಚೀಸು ಬಂತು. ಬೇಸಿಗೆಯಲ್ಲಿ ಆಲ್ಪ್ಸ್ ಹುಲ್ಲುಗಾವಲಿನಲ್ಲಿ, ಸೌದೆ ಒಲೆಯ ಮೇಲೆ ಹಸಿ ಹಾಲು ಕಾಯಿಸಿ ಮಾಡುವ ಗಟ್ಟಿ ಚೀಸು. ಕಚ್ಚಿದರೆ ಉಪ್ಪಿನ ಹರಳು ಹಾಗೆ ಏನೋ ಕಟಕಟ ಅನ್ನುತ್ತೆ. ಡೆಜಲೆ ಜೊತೆ ಹೇಳಿ ಮಾಡಿಸಿದ ಜೋಡಿ. ಎಪೆಸ್ ಜೊತೆ ಚೀಸೇ ಗೆದ್ದಿತು, ವೈನ್ ಇದ್ದದ್ದೇ ಗೊತ್ತಾಗಲಿಲ್ಲ. ಆ ಹೆಂಗಸು ನಕ್ಕು, ಎಪೆಸ್‌ಗೆ ಎಳೇ ಚೀಸು ಬೇಕು ಅಂತ ಇನ್ನೊಂದು ತುಂಡು ತಂದಿಟ್ಟರು. ಹೌದು, ಆಗ ಸರಿಹೋಯಿತು.

ಉಗುಳುವುದಕ್ಕೆ ಪಾತ್ರೆ ಇಟ್ಟಿದ್ದರು. ಭಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕ್ಯುಯಿ ಸ್ಟೇಷನ್ನಿಗೆ ಇಳಿಯುವಾಗ ಅವರ ಹೆಜ್ಜೆ ನೋಡಿ ಅಕ್ಕ ನನ್ನ ಕೈ ತಿವಿದಳು.

ಶುಕ್ರವಾರ, ದೋಣಿ ಮತ್ತು ಮೀನು

ಲೊಸಾನ್‌ನ ಊಶಿ ಬಂದರಿನಿಂದ ಹಡಗು ಹತ್ತಿ ವೆವೇಗೆ. ನೂರು ವರ್ಷ ದಾಟಿದ ಹಬೆ ಹಡಗುಗಳು ಈ ಸರೋವರದಲ್ಲಿ ಇನ್ನೂ ಓಡುತ್ತವೆ. ಮಧ್ಯದಲ್ಲಿ ಗಾಜಿನ ಕಂಡಿಯಿಂದ ಕೆಳಗಿನ ಯಂತ್ರ ಕಾಣುತ್ತೆ, ಎಣ್ಣೆ ಹೊಡೆದ ಹಿತ್ತಾಳೆ, ಬಿಸಿ ವಾಸನೆ. ನೀರಿನಿಂದ ನೋಡಿದರೆ ನಿನ್ನೆ ನಡೆದ ಇಳಿಜಾರು ಗೋಡೆಯೇ ಗೋಡೆ.

ವೆವೇಯಲ್ಲಿ ನೆಸ್ಲೆ ಕಂಪನಿಯ ಮುಖ್ಯ ಕಚೇರಿ ಇದೆ. ನಂಜನಗೂಡಿನ ಕಾಫಿ ಪುಡಿಯ ಲೆಕ್ಕ ಕೊನೆಗೆ ಬಂದು ಸೇರುವುದು ಇಲ್ಲಿಗೆ. ಅದನ್ನು ಬಿಟ್ಟರೆ ಈ ಊರಿನ ದೊಡ್ಡ ಹೆಮ್ಮೆ ದ್ರಾಕ್ಷಿ ಬೆಳೆಗಾರರ ಹಬ್ಬ. ಒಂದು ತಲೆಮಾರಿಗೆ ಒಮ್ಮೆ ಮಾತ್ರ ನಡೆಯುತ್ತೆ: 1955, 1977, 1999, ಕೊನೆಯದು 2019. ತೋಟದಲ್ಲಿ ದುಡಿಯುವವರಲ್ಲಿ ಒಳ್ಳೆ ಕೆಲಸಗಾರರಿಗೆ ಕಿರೀಟ ತೊಡಿಸುವುದು ಅದರ ಮೂಲ ಉದ್ದೇಶ. ಮುಂದಿನ ಸಲ ನಡೆಯುವಾಗ ನನಗೆ ಮಂಡಿ ನೋವು ಶುರುವಾಗಿರುತ್ತೆ.

ಮಧ್ಯಾಹ್ನ ನೀರಿನ ಪಕ್ಕದ ಹೋಟೆಲಿನಲ್ಲಿ ಪರ್ಚ್ ಮೀನು. ಬೆರಳುದ್ದದ ತೆಳು ತುಂಡುಗಳು, ಮುಳ್ಳಿಲ್ಲ, ಹಿಟ್ಟು ಸವರಿ ಬೆಣ್ಣೆಯಲ್ಲಿ ಹುರಿದದ್ದು. ಜೊತೆಗೆ ಬೇಯಿಸಿದ ಆಲೂಗಡ್ಡೆ, ನಿಂಬೆ ಹೋಳು. ಸರೋವರದಲ್ಲಿ ಸಿಗುವುದಕ್ಕಿಂತ ಬೇಡಿಕೆ ಜಾಸ್ತಿ, ಹಾಗಾಗಿ ತುಂಬಾ ಹೋಟೆಲುಗಳಲ್ಲಿ ಹೊರದೇಶದ ಮೀನು ಬಡಿಸುತ್ತಾರೆ. ಮೀನು ಎಲ್ಲಿಯದು ಅಂತ ಮೆನುವಿನಲ್ಲಿ ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ. ಓದಿ ಕೂರುವುದು ಒಳ್ಳೆಯದು.

ಭಾವ ಅಭ್ಯಾಸ ಬಲದಿಂದ ಇಡೀ ನಿಂಬೆಯನ್ನು ಮೀನಿನ ಮೇಲೆ ಹಿಂಡಿದರು. ತಿಂದು, ಕುಡಿದು, ಮುಖ ಹಿಂಡಿದರು. "ಇದಕ್ಕೇನಾಯ್ತು, ನೀರಾಗಿದೆಯಲ್ಲ?" ಅಂತ ಲೋಟ ಎತ್ತಿ ನೋಡಿದರು. ವೈನಿಗೆ ಏನೂ ಆಗಿರಲಿಲ್ಲ. ಊಟದಲ್ಲಿ ಹುಳಿ ಜಾಸ್ತಿಯಾದರೆ, ವೈನಿನಲ್ಲಿರುವ ಅಷ್ಟಿಷ್ಟು ಹುಳಿ ನಾಲಿಗೆಗೆ ಕಾಣುವುದೇ ಇಲ್ಲ. ನಾನು ನಿಂಬೆ ಮುಟ್ಟದೆ ತಿಂದೆ. ಕಂದಿದ ಬೆಣ್ಣೆಯ ವಾಸನೆ ಮತ್ತು ವೈನಿನ ಬಾದಾಮಿ ರುಚಿ ಒಂದಕ್ಕೊಂದು ಕೈ ಹಿಡಿದವು. ಎರಡು ಹನಿ ನಿಂಬೆಗೆ ಮೋಸವಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

"ಕಾಣೆ ಫ್ರೈ ಇರಬೇಕಿತ್ತು" ಅಂತ ಭಾವ ಹಡಗು ಬರುವವರೆಗೂ ಹೇಳಿಕೊಂಡರು. ಖಾರದ ಮಸಾಲೆ ಈ ವೈನನ್ನು ಉಳಿಸುತ್ತಿರಲಿಲ್ಲ ಅಂದೆ. ಒಪ್ಪಲಿಲ್ಲ.

ವಾಪಸು ಬರುವಾಗ ರಿವಾದಲ್ಲಿ ಇಳಿದು, ಜಲಪಾತದ ಪಕ್ಕದ ಲಾವೋ ವಿನೋರಾಮಾಗೆ ಹೋದೆವು. ಗುಡ್ಡದೊಳಗೆ ಕಟ್ಟಿದ ರುಚಿ ಕೇಂದ್ರ, ಲಾವೋದ ನೂರಾರು ವೈನ್ ಒಂದೇ ಸೂರಿನಡಿ. ಅಲ್ಲಿ ಹತ್ತು ವರ್ಷಕ್ಕಿಂತ ಹಳೆಯ ಡೆಜಲೆ ಒಂದು ಲೋಟ ಸಿಕ್ಕಿತು. ಬಣ್ಣ ಚಿನ್ನಕ್ಕೆ ತಿರುಗಿತ್ತು. ಗುಳ್ಳೆ ಹೋಗಿ, ಜೇನು ಮೇಣ, ಒಣ ಅಣಬೆ, ಹುರಿದ ಬೀಜಗಳ ವಾಸನೆ. ಶಾಸ್ಲಾ ಎಂದರೆ ಅದೇ ವರ್ಷ ಕುಡಿದು ಬಿಸಾಕುವ ವೈನ್ ಅನ್ನುವವರಿಗೆ ಇದನ್ನು ಕುಡಿಸಬೇಕು. ತುಂಬಾ ತಣ್ಣಗೆ ಕೊಡಲಿಲ್ಲ, ಅದೂ ಸರಿ. ಎಳೆಯ ಶಾಸ್ಲಾಗೆ 8ರಿಂದ 10 ಡಿಗ್ರಿ ಸಾಕು, ಹಳೆಯದಕ್ಕೆ 12. ಫ್ರಿಜ್ಜಿನಿಂದ ನೇರ ಸುರಿದರೆ ಇದ್ದ ಅಲ್ಪ ಸ್ವಲ್ಪ ವಾಸನೆಯೂ ಮುಚ್ಚಿಹೋಗುತ್ತೆ.

ಶನಿವಾರ, ಚೀಸಿನ ದಿನ

ಬೆಳಗ್ಗೆ ಲೊಸಾನ್‌ನಿಂದ ಪಶ್ಚಿಮಕ್ಕೆ, ಲಾ ಕೋಟ್ ಕಡೆಗೆ. ಇಲ್ಲಿಯ ಗುಡ್ಡಗಳು ಮೃದು, ವೈನೂ ಹಾಗೇ, ಹೂವಿನ ಕಡೆ ವಾಲಿದ್ದು. ನಾವು ಹೋದದ್ದು ಮಲಕಾಫ್ ತಿನ್ನೋದಕ್ಕೆ. ತುರಿದ ಚೀಸು, ಮೊಟ್ಟೆ, ಹಿಟ್ಟು ಕಲಸಿ ಬ್ರೆಡ್ ತುಂಡಿನ ಮೇಲೆ ಗುಂಡಗೆ ಮೆತ್ತಿ ಎಣ್ಣೆಯಲ್ಲಿ ಕರಿಯುತ್ತಾರೆ. ಕ್ರಿಮಿಯಾ ಯುದ್ಧಕ್ಕೆ ಕೂಲಿ ಸೈನಿಕರಾಗಿ ಹೋಗಿದ್ದ ಸ್ವಿಸ್ಸರು ಸೆವಾಸ್ಟೊಪೋಲ್‌ನ ಮಲಕಾಫ್ ಕೋಟೆಯ ನೆನಪಿಗೆ ಈ ಹೆಸರಿಟ್ಟರು ಅನ್ನುವ ಕಥೆ ಇದೆ. ಒಂದು ತಿಂದರೆ ಇನ್ನೊಂದು ಬೇಕು ಅನಿಸುತ್ತೆ, ಇನ್ನೊಂದು ತಿಂದರೆ ಮಲಗಬೇಕು ಅನಿಸುತ್ತೆ. ಗುಳ್ಳೆಯಿರುವ ಎಳೆ ಶಾಸ್ಲಾ ಇಲ್ಲಿ ಎಣ್ಣೆ ಜಿಡ್ಡನ್ನು ನಾಲಿಗೆಯಿಂದ ಎಬ್ಬಿಸುತ್ತೆ. ಇಡೀ ಪ್ರವಾಸದಲ್ಲಿ ನನಗೆ ತೀರಾ ಹಿಡಿಸಿದ ಜೋಡಿ ಇದೇ, ಡೆಜಲೆ ಅಲ್ಲ.

ರಾತ್ರಿ ಮನೆಯಲ್ಲಿ ಫಾಂಡ್ಯೂ, ಅಂದ್ರೆ ವೈನಿನಲ್ಲಿ ಕರಗಿಸಿದ ಬಿಸಿ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಊಟ. ಅಕ್ಕ ಎರಡು ಪಾತ್ರೆ ಇಟ್ಟಳು. ಇದು ನಮ್ಮ ಸಸ್ಯಾಹಾರಿಗಳು ತಿಳಿದಿರಬೇಕಾದ ವಿಷಯ: ಅಸಲಿ ಗ್ರುಯೆರ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಚೀಸು ಅಂದ ಮೇಲೆ ಸಸ್ಯಾಹಾರವೇ ಅಂತ ತಿಂದು ಬರುವವರು ಸಾಕಷ್ಟು ಜನ. ಅಕ್ಕ ಅಂಗಡಿಯಲ್ಲಿ ಲೇಬಲ್ ಓದಿ, ಸೂಕ್ಷ್ಮಜೀವಿಯಿಂದ ಮಾಡಿದ ರೆನೆಟ್ ಹಾಕಿದ ಚೀಸು ಹುಡುಕಿ ತಂದಿದ್ದಳು.

ನಮ್ಮ ಪಾತ್ರೆಗೆ ಅರ್ಧ ಗ್ರುಯೆರ್, ಅರ್ಧ ಫ್ರಿಬೂರ್‌ನ ವಾಶ್ರಾಂ ಚೀಸು. ದಪ್ಪ ತಳದ ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, ವೈನ್ ಸುರಿದು ಬಿಸಿ ಮಾಡಿ, ತುರಿದ ಚೀಸು ಹಿಡಿ ಹಿಡಿಯಾಗಿ ಹಾಕುತ್ತಾ ಎಂಟರ ಆಕಾರದಲ್ಲಿ ಕೈಯಾಡಿಸಬೇಕು. ವೈನ್ ಬರೀ ರುಚಿಗಲ್ಲ. ಚೀಸಿನ ಪ್ರೋಟೀನುಗಳನ್ನು ಕ್ಯಾಲ್ಸಿಯಂ ಕಟ್ಟಿ ಹಿಡಿದಿರುತ್ತೆ. ವೈನಿನ ಟಾರ್ಟಾರಿಕ್ ಆಮ್ಲ ಆ ಕ್ಯಾಲ್ಸಿಯಂ ಹಿಡಿದುಕೊಂಡರೆ ಪ್ರೋಟೀನು ಬಿಡಿಸಿಕೊಂಡು, ಕೊಬ್ಬು ಬೇರೆಯಾಗದೆ ನುಣ್ಣಗೆ ಕರಗುತ್ತೆ. ಬರೀ ಚೀಸು ಕಾಯಿಸಿದರೆ ಎಣ್ಣೆ ಒಂದು ಕಡೆ, ರಬ್ಬರು ಒಂದು ಕಡೆ. ಶಾಸ್ಲಾದಲ್ಲಿ ಹುಳಿ ಕಡಿಮೆ ಅನ್ನೋದು ಇಲ್ಲಿ ಅಡ್ಡಿಯೇ, ಅದಕ್ಕೇ ಕೆಲವರು ಅರ್ಧ ಚಮಚ ನಿಂಬೆರಸ ಸೇರಿಸುತ್ತಾರೆ. ಸ್ವಲ್ಪ ಮೆಕ್ಕೆಜೋಳದ ಪಿಷ್ಟ, ಕಾಳುಮೆಣಸು, ಜಾಯಿಕಾಯಿ, ಒಂದು ಸಣ್ಣ ಲೋಟ ಚೆರಿ ಬ್ರಾಂಡಿ.

ನಾನು ತಣ್ಣೀರು ಕೇಳಿದೆ. ಭಾವ ಕೊಡಲಿಲ್ಲ. ಫಾಂಡ್ಯೂ ಮೇಲೆ ತಣ್ಣೀರು ಕುಡಿದರೆ ಚೀಸು ಹೊಟ್ಟೆಯಲ್ಲಿ ಗಟ್ಟಿಯಾಗುತ್ತೆ, ವೈನ್ ಅಥವಾ ಬಿಸಿ ಟೀ ಮಾತ್ರ ಕುಡಿಯಬೇಕು ಅಂತ ಇಲ್ಲಿಯ ನಂಬಿಕೆ. ಈ ಜಗಳದ ಬಗ್ಗೆ ಜ್ಯೂರಿಕ್‌ನ ವೈದ್ಯರು ನಿಜವಾಗಿಯೂ ಪರೀಕ್ಷೆ ಮಾಡಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ದಾರೆ. 20 ಆರೋಗ್ಯವಂತರಿಗೆ ಫಾಂಡ್ಯೂ ತಿನ್ನಿಸಿ, ವೈನ್ ಇಲ್ಲವೇ ಟೀ ಕೊಟ್ಟು ನೋಡಿದರು. ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗುವುದು ಟೀಗಿಂತ ನಿಧಾನವಾಯಿತು. ಆದರೆ ಅಜೀರ್ಣದ ತೊಂದರೆ ಜಾಸ್ತಿಯೇನೂ ಆಗಲಿಲ್ಲ. ಇದನ್ನು ಹೇಳಿದ ಮೇಲೂ ನೀರು ಸಿಗಲಿಲ್ಲ.

ಕೊನೆಗೆ ಪಾತ್ರೆಯ ತಳದಲ್ಲಿ ಕಂದು ಬಣ್ಣದ ಸೀಕು ಉಳಿಯುತ್ತೆ. ಚಾಕುವಿನಲ್ಲಿ ಎಬ್ಬಿಸಿ ಹಂಚಿಕೊಂಡು ತಿನ್ನಬೇಕು. ಅದಕ್ಕೆ ಜಗಳ ಆಗುತ್ತೆ, ಆಯಿತು ಕೂಡ.

ಭಾನುವಾರ, ವಾಲೇ

ರೈಲು ಸರೋವರ ಬಿಟ್ಟು ರೋನ್ ನದಿಯ ಕಣಿವೆಗೆ, ಪಕ್ಕದ ವಾಲೇ ಪ್ರಾಂತ್ಯಕ್ಕೆ ತಿರುಗುತ್ತೆ. ಸಿಯೋಂನಲ್ಲಿ ಇಳಿದರೆ ಎದುರಿಗೇ ಎರಡು ಬೆಟ್ಟ, ಒಂದರ ಮೇಲೆ ಕೋಟೆಯ ಅವಶೇಷ, ಇನ್ನೊಂದರ ಮೇಲೆ ಕೋಟೆಯಂಥ ಚರ್ಚು. ಸ್ವಿಟ್ಜರ್ಲೆಂಡಿನಲ್ಲಿ ತೀರಾ ಒಣ ಹವೆ ಇರುವ ಕಡೆಗಳಲ್ಲಿ ಇದೂ ಒಂದು. ಎರಡೂ ಬದಿಯ ಎತ್ತರದ ಬೆಟ್ಟಗಳು ಮೋಡ ತಡೆಯುತ್ತವೆ. ಹಿಮನದಿಯ ನೀರನ್ನು ಬಂಡೆಯ ಅಂಚಿನ ಕಾಲುವೆಗಳಲ್ಲಿ ಹರಿಸಿ ಹೊಲ ತೋಟಗಳಿಗೆ ತರುವ ಪದ್ಧತಿ ಇಲ್ಲಿ ಶತಮಾನಗಳಿಂದ ಇದೆ.

ಶಾಸ್ಲಾಗೆ ಇಲ್ಲಿ ಫಾಂದಾಂ ಅಂತ ಹೆಸರು. ಬೇರೆ ಪ್ರಾಂತ್ಯದವರು ಆ ಹೆಸರು ಬಳಸುವಂತಿಲ್ಲ. ಬಿಸಿಲು ಜಾಸ್ತಿ, ಹಣ್ಣು ಚೆನ್ನಾಗಿ ಮಾಗುತ್ತೆ, ವೈನ್ ಲಾವೋಗಿಂತ ಸ್ವಲ್ಪ ದುಂಡು.

ರಾಕ್ಲೆಟ್ ಮಾಡುತ್ತಿದ್ದವನು ಅರ್ಧ ಚಕ್ರದಷ್ಟು ಚೀಸನ್ನು ಕೆಂಡದ ಮುಂದೆ ಹಿಡಿದಿದ್ದ. ಮೇಲ್ಮೈ ಗುಳ್ಳೆಯೆದ್ದು ಹರಿಯಲು ಶುರುವಾದ ಕ್ಷಣ ಚಾಕುವಿನ ಬೆನ್ನಿನಿಂದ ತಟ್ಟೆಗೆ ಒಂದೇ ಎಳೆತ. ಅಂಚಿನ ಸುಟ್ಟ ಸಿಪ್ಪೆ ಬೇಕಾ ಅಂತ ಕೇಳುತ್ತಾನೆ. ಬೇಕು ಅನ್ನಿ. ಜೊತೆಗೆ ಸಿಪ್ಪೆ ಸಹಿತ ಬೇಯಿಸಿದ ಆಲೂಗಡ್ಡೆ, ವಿನೆಗರಿನಲ್ಲಿ ನೆನೆಸಿದ ಪುಟ್ಟ ಸೌತೆಕಾಯಿ ಮತ್ತು ಈರುಳ್ಳಿ.

ಮತ್ತೆ ಅದೇ ಹುಳಿಯ ಪ್ರಶ್ನೆ. ಸೌತೆಕಾಯಿ ಕಚ್ಚಿದ ಕೂಡಲೇ ಫಾಂದಾಂ ಕುಡಿದರೆ ವೈನ್ ಸತ್ತುಹೋಗುತ್ತೆ. ಪಕ್ಕದ ಮೇಜಿನ ಅಜ್ಜನ ಕ್ರಮ ಗಮನಿಸಿದೆ. ಸೌತೆಕಾಯಿ, ಆಮೇಲೆ ಆಲೂಗಡ್ಡೆ ಚೀಸು, ಆಮೇಲೆ ವೈನ್. ತಪ್ಪದೆ ಅದೇ ಸಾಲು. ನಾನೂ ಹಾಗೇ ತಿಂದೆ. ಆಲೂಗಡ್ಡೆ ಮಧ್ಯೆ ನಿಂತು ರಾಜಿ ಮಾಡಿಸುತ್ತೆ.

ಸೋಮವಾರ, ಅಕ್ಕನ ಅಡುಗೆಮನೆ

ಮಾರನೇ ದಿನ ವಿಮಾನ. ಫ್ರಿಜ್ಜಿನಲ್ಲಿ ಅರ್ಧ, ಮುಕ್ಕಾಲು ಉಳಿದ ಬಾಟಲಿಗಳಿದ್ದವು. ಹೆಚ್ಚಿನವು ತಿರುಗಿಸುವ ಮುಚ್ಚಳದವು, ಹಾಗಾಗಿ ಎರಡು ಮೂರು ದಿನಕ್ಕೆ ಕೆಟ್ಟಿರಲಿಲ್ಲ. ನಮ್ಮ ಊಟದ ಜೊತೆ ನೋಡೇ ಬಿಡೋಣ ಅಂದಳು ಅಕ್ಕ, ಒಂದು ಗುಟುಕಿನ ಅಕ್ಕನೇ!

ಟೊಮೆಟೊ ಸಾರು ಮೊದಲೇ ಸೋತಿತು. ಹುಣಸೆ ಹುಳಿಯ ಮುಂದೆ ಶಾಸ್ಲಾ ಬರೀ ತಣ್ಣನೆ ನೀರು. ಚಿತ್ರಾನ್ನಕ್ಕೂ ಅದೇ ಗತಿ, ನಿಂಬೆ ಜಾಸ್ತಿ ಬಿದ್ದಿತ್ತು. ಕಾಯಿ ಹೋಳಿಗೆ ಜೊತೆ ಇನ್ನೂ ಕೆಟ್ಟದಾಯಿತು. ಸಿಹಿ ತಿಂದ ಬಾಯಿಗೆ ಡ್ರೈ ವೈನ್ ಔಷಧಿ. ಊರಿಂದ ತಂದ ಕೋಡುಬಳೆ ಖಾರದ್ದು. ಅದರ ಮೇಲೆ ವೈನಿನ ಕೊನೆಯ ಕಹಿ ಎದ್ದು ನಿಂತಿತು. ಭಾವನ ಕಾಣೆ ಫ್ರೈ ವಾದಕ್ಕೆ ಅಲ್ಲಿಗೆ ತೆರೆ.

ಗೆದ್ದದ್ದು ಮೂರು. ಹಸಿಮೆಣಸು ಹಾಕದ, ಈರುಳ್ಳಿ ಜೀರಿಗೆಯ ಅಕ್ಕಿರೊಟ್ಟಿ, ಮೇಲೆ ಬೆಣ್ಣೆ. ಉಪ್ಪು ಹಾಕಿ ಹುರಿದ ಗೋಡಂಬಿ. ಮತ್ತೆ, ಇದನ್ನು ಯಾರೂ ಎಣಿಸಿರಲಿಲ್ಲ, ನೀರು ದೋಸೆ ಮತ್ತು ಹುಳಿಯಿಲ್ಲದ ಕಾಯಿ ಚಟ್ನಿ. ತೆಂಗಿನಕಾಯಿಯ ಜಿಡ್ಡು ಮತ್ತು ಸಣ್ಣ ಸಿಹಿಗೆ ಡೆಜಲೆಯ ಬಾದಾಮಿ ಸರಿಯಾಗಿ ಕೂತಿತು. ಅಕ್ಕ ಲೋಟ ಮುಂದೆ ಹಿಡಿದು ಇನ್ನೊಂದು ಸ್ವಲ್ಪ ಹಾಕು ಅಂದಳು. ಭಾವ ನನ್ನ ಮುಖ ನೋಡಿದರು.

ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. ಅಂದ್ರೆ ಎರಡು ಬಾಟಲಿ. ಒಂದು ಡೆಜಲೆ, ಅದನ್ನು ಐದಾರು ವರ್ಷ ಮುಟ್ಟಬಾರದು ಅಂತ ಭಾವನ ಆಜ್ಞೆ. ಇನ್ನೊಂದು ಲಾ ಕೋಟ್‌ನ ಹಗುರ ಶಾಸ್ಲಾ, 70 ಸೆಂಟಿಲೀಟರಿನದು, ಬೆಲೆಯಲ್ಲಿ ಡೆಜಲೆಯ ಅರ್ಧ. ಅದನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ಮಧ್ಯಕ್ಕಿಟ್ಟೆ. ಬೆಂಗಳೂರಿಗೆ ಬಂದ ಮೊದಲ ಭಾನುವಾರ ನೀರು ದೋಸೆ ಜೊತೆ ತೆಗೆಯುವುದು ಅಂತ ತೀರ್ಮಾನ ಆಗಿದೆ.